ಕಡತ ತೆರೆಯಿತು, ತಿದ್ದಲು ಬರುತ್ತಿಲ್ಲ

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ರ ಸರದಿ 2020ರ ಜನವರಿ 14ಕ್ಕೆ ಬಂತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಇಂಥ ಒಂದೊಂದು ತಾರೀಖಿನ ಆಸುಪಾಸಿನಲ್ಲೂ ಕಂಪ್ಯೂಟರ್ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ‘ಹೊಸ ವಿಂಡೋಸ್ ಹಾಕಿಕೊಡಿ’ ಎನ್ನುತ್ತಾರೆ. ಅಂಗಡಿಯವನೂ ಹಾಕಿಕೊಡುತ್ತಾನೆ. ಮನೆಗೆ ಬಂದು ನೋಡಿದರೆ ಪರದೆ ಚೆಂದ, ಚಿತ್ರಗಳು ಚೆಂದ. ಆದರೆ ಹಳೆಯ ಕಡತವೊಂದನ್ನು ತಿದ್ದಲು ಹೊರಟಾಗ ತೊಡಕು ಶುರುವಾಗುತ್ತದೆ. ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೇ ಎಂಬ ದಿಗಿಲು.

ಕೊಚ್ಚಿಕೊಂಡು ಹೋಗಿರುವುದಿಲ್ಲ. ನೂರಕ್ಕೆ ತೊಂಬತ್ತು ಸಲವಾದರೂ ಕಡತ ಇದ್ದಲ್ಲೇ ಇರುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಅದನ್ನು ನಿಜವಾಗಿ ಕೆಡಿಸುವುದು ಗಾಬರಿಯಲ್ಲಿ ನಾವು ಒತ್ತುವ ಗುಂಡಿ.

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ದೇವಾಪುರದಲ್ಲಿ ಒಂದು ಮನೆ ಇದೆ ಎಂದಿಟ್ಟುಕೊಳ್ಳೋಣ. ಅಜ್ಜ ನಿವೃತ್ತ ಶಿಕ್ಷಕರು. ಊರಲ್ಲಿ ಆಡುತ್ತಿದ್ದ ಬಯಲಾಟದ ಪೂರ್ತಿ ಪ್ರತಿಯನ್ನು 2004ರ ಸುಮಾರಿಗೆ ನುಡಿ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿಟ್ಟಿದ್ದಾರೆ. ಮೂಲ ನೋಟ್‌ಬುಕ್ಕನ್ನು ಗೆದ್ದಲು ತಿಂದಾಯಿತು. ಈಗ ಆ ಆಟ ಉಳಿದಿರುವುದು ಕಂಪ್ಯೂಟರಿನ ಒಂದು ಕಡತದಲ್ಲಿ ಮಾತ್ರ. ಪದವಿ ಓದುವ ಮೊಮ್ಮಗಳಿಗೆ ಕನ್ನಡ ಪ್ರಬಂಧಕ್ಕೆ ಅದೇ ಬೇಕು. ಹೊಸ ವಿಂಡೋಸ್ ಹಾಕಿಸಿದ ಮರುದಿನ ಕಡತ ತೆರೆದು ಕೂಗುತ್ತಾಳೆ: “ಮುತ್ಯಾ, ನಿನ್ನ ಫೈಲ್ ತೆಗದ್ರ ಏನೇನೋ ಇಂಗ್ಲಿಷ್ ಬರ್ಲಕತ್ತಾದ!” ಮುತ್ಯಾನ ಪ್ರಶ್ನೆ ಒಂದೇ: “ಹಂಗಾದ್ರ ಆಟ ಎಲ್ಲಾ ಹೋಯ್ತೇನವ್ವಾ?”

ಈ ಪ್ರಶ್ನೆಗೆ ಉತ್ತರ, ಮುಂದಿನ ಐದು ನಿಮಿಷ ಮೊಮ್ಮಗಳು ಏನು ಮಾಡುತ್ತಾಳೆ ಎಂಬುದನ್ನು ಅವಲಂಬಿಸಿದೆ. ಅವಳು ಮಾಡಬಾರದ್ದು ಒಂದಿದೆ: ‘ಸೇವ್’ ಒತ್ತುವುದು. ಕಡತ ವಿಚಿತ್ರವಾಗಿ ಕಾಣುತ್ತಿರುವಾಗ ಅದನ್ನು ಹಾಗೇ ಮುಚ್ಚಬೇಕು. ‘ಬದಲಾವಣೆ ಉಳಿಸಲೇ?’ ಎಂದು ಕಂಪ್ಯೂಟರ್ ಕೇಳಿದರೆ ಬೇಡ ಎನ್ನಬೇಕು. ಆಮೇಲೆ ಕಡತದ ಒಂದು ನಕಲನ್ನು ಪೆನ್‌ಡ್ರೈವ್‌ಗೆ ಹಾಕಿ, ಆ ಪೆನ್‌ಡ್ರೈವನ್ನು ಕಿತ್ತು ಬೀರುವಿನಲ್ಲಿಡಬೇಕು. ಮುಂದಿನ ಪ್ರಯೋಗಗಳೆಲ್ಲ ಇನ್ನೊಂದು ನಕಲಿನ ಮೇಲೆ.

ಇನ್ನು, ಕನ್ನಡ ಏಕೆ ಇಂಗ್ಲಿಷಾಯಿತು? ನಿಜ ಹೇಳಬೇಕೆಂದರೆ ಅದು ಮೊದಲಿನಿಂದಲೂ ಕಂಪ್ಯೂಟರಿನ ಮಟ್ಟಿಗೆ ಇಂಗ್ಲಿಷೇ ಆಗಿತ್ತು. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಒಟ್ಟು 256 ಮನೆಗಳು. ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳಿಗೆ ಹಂಚಿಹೋಗಿದ್ದವು. ಆಗ ನಮ್ಮವರು ಒಂದು ಉಪಾಯ ಹೂಡಿದರು. ಮನೆಯ ನಂಬರು ಹಾಗೇ ಇರಲಿ, ಒಳಗೆ ಕೂರುವವರನ್ನು ಬದಲಿಸೋಣ ಎಂದರು. ಇಂಗ್ಲಿಷ್ ‘ಪಿ’ ಇದ್ದ ಜಾಗದಲ್ಲಿ ‘ಕ’ದ ಒಡಲನ್ನು ಬರೆದರು, ಫ್ರೆಂಚರು ಬಳಸುವ, ತಲೆಯ ಮೇಲೆ ಓರೆಗೆರೆ ಇರುವ ‘ಎ’ ಜಾಗದಲ್ಲಿ ತಲೆಕಟ್ಟನ್ನು ಕೂರಿಸಿದರು. ಈ ವೇಷವನ್ನು ತೊಡಿಸುವುದು ಫಾಂಟ್, ಅಂದರೆ ಅಕ್ಷರಶೈಲಿಯ ಕಡತ. ನುಡಿಯಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದರೆ ಕಂಪ್ಯೂಟರಿನೊಳಗೆ ಇರುವುದು ಏಳು ಗುರುತುಗಳು: ದೊಡ್ಡ ಪಿ, ಓರೆಗೆರೆಯ ಎ, ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಒಂದು ವಿಶೇಷ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಫಾಂಟ್ ಇದ್ದರೆ ಇದು ಕನ್ನಡ. ಇಲ್ಲದಿದ್ದರೆ ಬಣ್ಣ ಕಳಚಿದ ಬಯಲಾಟದ ಪಾತ್ರಧಾರಿಯ ಹಾಗೆ ಒಳಗಿನ ರೂಪ ಹೊರಗೆ ಬರುತ್ತದೆ.

ಹೊಸದಾಗಿ ವಿಂಡೋಸ್ ಹಾಕಿದಾಗ ಆಗುವುದು ಇದೇ. ಹಳೆಯ ಫಾಂಟ್‌ಗಳು ಹೊಸ ವ್ಯವಸ್ಥೆಯ ಫಾಂಟ್ ಕೋಶದಲ್ಲಿ ಇರುವುದಿಲ್ಲ. ಕಡತವನ್ನು ದೂರುವುದೆಂದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದಂತೆ.

ಯಾವ ಫಾಂಟ್ ಬೇಕು ಎಂದು ಪತ್ತೆ ಮಾಡುವುದು ಸುಲಭ. ವರ್ಡ್ ಕಡತದಲ್ಲಿ ಆ ವಿಚಿತ್ರ ಅಕ್ಷರಗಳ ನಡುವೆ ಒಮ್ಮೆ ಕ್ಲಿಕ್ಕಿಸಿ ಮೇಲಿನ ಫಾಂಟ್ ಪೆಟ್ಟಿಗೆಯನ್ನು ನೋಡಿ. ಫಾಂಟ್ ಯಂತ್ರದಲ್ಲಿ ಇಲ್ಲದಿದ್ದರೂ ಅದರ ಹೆಸರನ್ನು ಕಡತ ಮರೆತಿರುವುದಿಲ್ಲ. ನುಡಿ ಎಂದೋ, ಬಿಆರ್‌ಎಚ್ ಕನ್ನಡ ಎಂದೋ, ಶ್ರೀಲಿಪಿ ಎಂದೋ ಅಲ್ಲಿ ತೋರಿಸುತ್ತದೆ. ಆ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಿ. ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹವಾಗಲಿ ಇಂದಿಗೂ ಕಷ್ಟವಿಲ್ಲದೆ ಸಿಗುತ್ತವೆ. ತೊಂದರೆಯಿರುವುದು 1990ರ ದಶಕದ ಬೇರೆ ಬೇರೆ ಕಂಪನಿಗಳ ಫಾಂಟ್‌ಗಳದು. ಆಗ ಒಬ್ಬೊಬ್ಬರದು ಒಂದೊಂದು ಸಂಕೇತ. ಒಬ್ಬರ ಫಾಂಟ್ ಇನ್ನೊಬ್ಬರ ಕಡತಕ್ಕೆ ಹೊಂದುತ್ತಿರಲಿಲ್ಲ. ಈ ಗೊಂದಲ ತೀರಿಸಲೆಂದೇ ಕರ್ನಾಟಕ ಸರ್ಕಾರ ಒಂದು ಏಕರೂಪ ಸಂಕೇತವನ್ನು ಒಪ್ಪಿಕೊಂಡಿತು, ನುಡಿ ಅದರ ಮೇಲೆ ನಿಂತಿತು.

ಇಲ್ಲಿ ಪೋಷಕರು ಗಮನಿಸಬೇಕಾದ ಒಂದು ಗಡುವು ಇದೆ. ಅಂಗಡಿಯವರು ಡಿಸ್ಕನ್ನು ಪೂರ್ತಿ ಅಳಿಸದೆ ಹೊಸ ವಿಂಡೋಸ್ ಹಾಕಿದ್ದರೆ, ಹಳೆಯ ವಿಂಡೋಸ್ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಕೋಶದಲ್ಲಿ ಸಿ ಡ್ರೈವಿನಲ್ಲಿಯೇ ಕೂತಿರುತ್ತದೆ. ಅದರೊಳಗಿನ ‘ಯೂಸರ್ಸ್’ ಕೋಶದಲ್ಲಿ ಹಳೆಯ ದಾಖಲೆಗಳು, ‘ವಿಂಡೋಸ್’ನೊಳಗಿನ ‘ಫಾಂಟ್ಸ್’ ಕೋಶದಲ್ಲಿ ಹಳೆಯ ಫಾಂಟ್‌ಗಳು ಇರುತ್ತವೆ. ಸಾಮಾನ್ಯವಾಗಿ ಹತ್ತು ದಿನ ಕಳೆದರೆ ವ್ಯವಸ್ಥೆ ಇದನ್ನು ತಾನೇ ಅಳಿಸಿಹಾಕುತ್ತದೆ, ಯಾರನ್ನೂ ಕೇಳುವುದಿಲ್ಲ. ‘ಜಾಗ ಸಾಲದು’ ಎಂದು ಡಿಸ್ಕ್ ಕ್ಲೀನಪ್ ಓಡಿಸುವ ಬುದ್ಧಿವಂತ ಮಗ ಮನೆಯಲ್ಲಿದ್ದರೆ ಹತ್ತು ದಿನವೂ ಸಿಗದು. ದೇವಾಪುರದಿಂದ ಸುರಪುರಕ್ಕೋ ಶಹಾಪುರಕ್ಕೋ ಹೋಗಿ ಬರಲು ಬಿಡುವು ಸಿಗುವಷ್ಟರಲ್ಲಿ ವಾರ ಕಳೆದಿರುತ್ತದೆ. ಆದ್ದರಿಂದ ಹೊಸ ವಿಂಡೋಸ್ ಬಂದ ದಿನವೇ ಈ ಕೋಶವನ್ನು ತೆರೆದು ಬೇಕಾದ್ದನ್ನು ನಕಲಿಸಿಕೊಳ್ಳಬೇಕು. ಸಿಕ್ಕ ಫಾಂಟ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಎಂದರೆ ಮನೆಯ ಎಲ್ಲರ ಖಾತೆಗೂ ಅದು ದೊರೆಯುತ್ತದೆ. ವರ್ಡನ್ನು ಒಮ್ಮೆ ಮುಚ್ಚಿ ತೆರೆದರೆ ಮುತ್ಯಾನ ಆಟ ಮತ್ತೆ ಕನ್ನಡದಲ್ಲಿ.

ಆದರೆ ಕತೆ ಇಲ್ಲಿಗೆ ಮುಗಿಯದು. ತಿದ್ದಲು ಕೂತಾಗ ಇನ್ನೊಂದು ಕಾಟ ಕಾದಿರುತ್ತದೆ. ಹೊಸ ವರ್ಡ್ ಹಳೆಯ ಹೊಂದಾಣಿಕೆಗಳನ್ನು ಅರಿಯದು. ಅದರಲ್ಲಿ ‘ಆಟೋಕರೆಕ್ಟ್’ ಎಂಬ ಸ್ವಯಂತಿದ್ದುಪಡಿ ಚಾಲೂ ಇರುತ್ತದೆ. ವಾಕ್ಯದ ಮೊದಲ ಇಂಗ್ಲಿಷ್ ಅಕ್ಷರವನ್ನು ದೊಡ್ಡದು ಮಾಡುವುದು ಅದರ ಚಾಳಿ. ನುಡಿ ಸಂಕೇತದಲ್ಲಿ ‘ಜ’ ಎಂದರೆ ಸಣ್ಣ ಡಿ, ‘ಆ’ ಎಂದರೆ ದೊಡ್ಡ ಡಿ. ನೀವು ಹೊಸ ವಾಕ್ಯವನ್ನು ‘ಜನಪದ’ ಎಂದು ಆರಂಭಿಸಿ ಸ್ಪೇಸ್ ಒತ್ತಿದಿರೋ, ಅದು ‘ಆನಪದ’ ಆಗಿ ಕೂರುತ್ತದೆ! ವಿದ್ಯಾರ್ಥಿಗೆ ತನ್ನ ಬೆರಳೇ ತಪ್ಪಿತೆಂಬ ಅನುಮಾನ. ಮತ್ತೆ ತಿದ್ದುತ್ತಾನೆ, ಮತ್ತೆ ಅದೇ. ವರ್ಡಿನ ಆಪ್ಷನ್ಸ್‌ನಲ್ಲಿ ‘ಪ್ರೂಫಿಂಗ್’ಗೆ ಹೋಗಿ ಆಟೋಕರೆಕ್ಟ್‌ನ ಎಲ್ಲ ಗುರುತುಗಳನ್ನೂ ತೆಗೆದುಹಾಕಿ. ‘ಸ್ಮಾರ್ಟ್ ಕೋಟ್ಸ್’ ಎಂಬುದನ್ನೂ ಬಿಡಬೇಡಿ. ಹಳೆಯ ಯಂತ್ರದಲ್ಲಿ ಯಾರೋ ಎಂದೋ ಇದನ್ನು ಮಾಡಿಟ್ಟಿದ್ದರು, ಅದಕ್ಕೇ ಅಲ್ಲಿ ತೊಂದರೆ ಇರಲಿಲ್ಲ.

ಹಳೆಯ ಫಾಂಟ್ ಹಾಕಿಕೊಂಡು ಎಷ್ಟು ದಿನ ನೂಕುವುದು ಎಂಬ ಪ್ರಶ್ನೆ ಸಹಜ. ಮುಂದಿನ ವಿಂಡೋಸ್ ಬಂದಾಗ ಇದೇ ಪಾಡು. ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸುವುದೇ ಸರಿಯಾದ ದಾರಿ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗವಿದೆ, 128 ಸ್ಥಾನಗಳು. ಅಲ್ಲಿ ‘ಕ’ ಎಂದರೆ 3221, ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಅಷ್ಟೇ. ಯಾರ ಮನೆಯಲ್ಲೂ ಬಾಡಿಗೆಗಿಲ್ಲ. ವಿಂಡೋಸ್‌ನಲ್ಲಿ ಇದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟ್ ಜೊತೆಗೆ.

ಪರಿವರ್ತಿಸುವ ಸಲಕರಣೆ ನುಡಿ ಮತ್ತು ಬರಹಗಳ ಜೊತೆಯಲ್ಲೇ ಬರುತ್ತದೆ. ಅಂತರಜಾಲದಲ್ಲಿ ಉಚಿತವಾದವೂ ಇವೆ. ಅವು ಮಾಡುವ ಕೆಲಸ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ನುಡಿ ಅಕ್ಷರದ ಆಕಾರವನ್ನು ಕಣ್ಣಿಗೆ ಕಂಡ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ. ‘ಸರ್ಕಾರ’ದ ಅರ್ಕಾವೊತ್ತು ಕಣ್ಣಿಗೆ ಕಾಣುವುದು ‘ಕಾ’ದ ಆಚೆ, ಕಿವಿಗೆ ಕೇಳುವುದು ಅದಕ್ಕೂ ಮೊದಲು. ಪರಿವರ್ತಕ ಅದನ್ನು ಹಿಡಿದು ಹಿಂದಕ್ಕೆ ತಂದು ಕೂರಿಸಬೇಕು. ಬಹುಪಾಲು ಸರಿಯಾಗಿಯೇ ಮಾಡುತ್ತದೆ. ಎಡವುವುದು ಎಲ್ಲಿ ಎಂದರೆ, ಕನ್ನಡದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದಲ್ಲಿ. ಬರಿಯ ಪಠ್ಯವನ್ನಷ್ಟೇ ನಕಲಿಸಿ ಅದಕ್ಕೆ ಕೊಟ್ಟರೆ, ಯಾವುದು ವೇಷ ಹಾಕಿದ ಇಂಗ್ಲಿಷ್, ಯಾವುದು ಅಸಲಿ ಇಂಗ್ಲಿಷ್ ಎಂದು ಅದಕ್ಕೆ ತಿಳಿಯುವುದಿಲ್ಲ. ಎಲ್ಲಕ್ಕೂ ಕನ್ನಡದ ಬಣ್ಣ ಬಳಿದುಬಿಡುತ್ತದೆ. ವಿಜ್ಞಾನದ ಟಿಪ್ಪಣಿಗಳಲ್ಲಿ ಇದು ದೊಡ್ಡ ಉಪದ್ರವ. ಇದೇ ಕಾರಣಕ್ಕೆ, ಪರಿವರ್ತನೆಗೆ ಮುಂಚೆ ‘ಎಲ್ಲವನ್ನೂ ಆಯ್ದು ಫಾಂಟ್ ಬದಲಿಸಿ ನೋಡೋಣ’ ಎಂಬ ಪ್ರಯೋಗ ಮಾಡಬೇಡಿ. ಯಾವ ಸಾಲು ಕನ್ನಡ, ಯಾವುದು ಇಂಗ್ಲಿಷ್ ಎಂಬುದಕ್ಕೆ ಉಳಿದಿರುವ ಏಕೈಕ ಸಾಕ್ಷಿ ಆ ಫಾಂಟ್ ಹೆಸರು.

ಇನ್ನೊಂದು ಕೆಲಸ ಮಾಡಿದರೆ ಒಳ್ಳೆಯದು. ಹಳೆಯ ಫಾಂಟ್‌ನಲ್ಲಿ ಕಡತ ಸರಿಯಾಗಿ ಕಾಣುತ್ತಿರುವಾಗಲೇ ಅದನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಪಿಡಿಎಫ್ ಸಾಮಾನ್ಯವಾಗಿ ಫಾಂಟನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಳ್ಳುವುದರಿಂದ ಯಾವ ಯಂತ್ರದಲ್ಲೂ ಅದೇ ರೂಪದಲ್ಲಿ ಕಾಣುತ್ತದೆ. ಪರಿವರ್ತಿಸಿದ ಪ್ರತಿಯನ್ನು ಇದರೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡಬಹುದು. ಒಬ್ಬರು ಓದುವುದು, ಒಬ್ಬರು ನೋಡುವುದು. ಮುತ್ಯಾ ಓದಲಿ. ಹಾಡುಗಬ್ಬದ ಒಂದು ಒತ್ತಕ್ಷರ ತಪ್ಪಿದರೂ ಅವರ ಕಿವಿ ಹಿಡಿಯುತ್ತದೆ, ಪರಿವರ್ತಕಕ್ಕೆ ಆ ಕಿವಿ ಇಲ್ಲ.

ನೋಟ್‌ಪ್ಯಾಡ್ ಬಳಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಉಳಿಸುವಾಗ ಕೆಳಗೆ ‘ಎನ್‌ಕೋಡಿಂಗ್’ ಎಂಬ ಪೆಟ್ಟಿಗೆ ಇರುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಅದು ತಾನಾಗಿ ‘ಆನ್ಸಿ’ ಎಂದಿರುತ್ತಿತ್ತು. ಯೂನಿಕೋಡ್ ಕನ್ನಡವನ್ನು ಆನ್ಸಿಯಲ್ಲಿ ಉಳಿಸಿದರೆ ಒಂದೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಇದು ವೇಷವಲ್ಲ, ನಾಶ. ಯಾವ ಫಾಂಟ್ ಹಾಕಿದರೂ ಆ ಪ್ರಶ್ನಾರ್ಥಕಗಳು ಮತ್ತೆ ಅಕ್ಷರವಾಗವು. ವಿಂಡೋಸ್ 10ರ 2019ರ ಮೇ ತಿಂಗಳ ಪರಿಷ್ಕರಣೆಯಿಂದ ಈಚೆಗೆ ಹೊಸ ಕಡತಗಳಿಗೆ ‘ಯುಟಿಎಫ್-8’ ತಾನಾಗಿ ಬರುತ್ತದೆ. ಹಳೆಯ ಕಡತ ತಿದ್ದುವಾಗ ಮಾತ್ರ ಆ ಪೆಟ್ಟಿಗೆಯ ಮೇಲೆ ಒಂದು ಕಣ್ಣಿರಲಿ. ಹಾಗೆಯೇ, ಕನ್ನಡ ಚೆನ್ನಾಗಿಯೇ ಕಾಣುತ್ತಿದೆ, ಆದರೆ ಪುಟಗಳೆಲ್ಲ ಹೆಚ್ಚುಕಡಿಮೆಯಾಗಿವೆ ಎಂದಾದರೆ ‘ತುಂಗಾ’ ಹೋಗಿ ‘ನಿರ್ಮಲಾ’ ಫಾಂಟ್ ಬಂದಿರುತ್ತದೆ. ವಿಂಡೋಸ್ 10ರಿಂದ ತುಂಗಾವನ್ನು ಐಚ್ಛಿಕ ಪಟ್ಟಿಗೆ ಸರಿಸಿದ್ದಾರೆ. ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹುಡುಕಿ ಸೇರಿಸಿಕೊಳ್ಳಬಹುದು, ಅಂತರಜಾಲ ಬೇಕಷ್ಟೆ.

ಈಗ ಎರಡನೆಯ ಬಗೆಯ ತೊಂದರೆ. ಅಕ್ಷರ ಸರಿಯಾಗಿದೆ, ಕಡತ ತೆರೆಯುತ್ತದೆ, ತಿದ್ದಿ ಉಳಿಸಹೋದರೆ ‘ಅನುಮತಿ ಇಲ್ಲ’ ಎನ್ನುತ್ತದೆ. ‘ನನ್ನದೇ ಕಡತ, ನನಗೇ ಅನುಮತಿ ಇಲ್ಲವೇ?’ ಎಂದು ಸಿಟ್ಟು ಬರುತ್ತದೆ. ಹೊಲದ ಲೆಕ್ಕದಲ್ಲಿ ನೋಡಿದರೆ ಇದು ಬೇಗ ಅರ್ಥವಾದೀತು. ತಂದೆ ತೀರಿಕೊಂಡ ಮೇಲೂ ಪಹಣಿಯಲ್ಲಿ ಅವರ ಹೆಸರೇ ಇರುತ್ತದೆ. ಉಳುತ್ತಿರುವವನು ಮಗ, ಆದರೂ ಫೌತಿ ಖಾತೆ ಆಗುವವರೆಗೆ ದಾಖಲೆಯಲ್ಲಿ ಅವನು ಯಾರೂ ಅಲ್ಲ. ವಿಂಡೋಸ್ ಕೂಡ ಹಾಗೆ. ಅದು ನಿಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಒಳಗೆ ಕೊಟ್ಟಿರುವ ಉದ್ದನೆಯ ಸಂಖ್ಯೆಯಿಂದ. ಹೊಸದಾಗಿ ವಿಂಡೋಸ್ ಹಾಕಿ ಅದೇ ಹೆಸರಿನ ಖಾತೆ ತೆರೆದರೂ ಸಂಖ್ಯೆ ಬೇರೆ. ಹಳೆಯ ಖಾತೆಯ ಕೋಶದಲ್ಲಿದ್ದ ಕಡತಗಳ ಯಜಮಾನಿಕೆ, ಈಗ ಇಲ್ಲದ ಆ ಹಳೆಯ ಸಂಖ್ಯೆಯ ಹೆಸರಲ್ಲೇ ಉಳಿದಿರುತ್ತದೆ.

ಓದಲು ಬಿಟ್ಟು ಬರೆಯಲು ಬಿಡದಿದ್ದರೆ ಸುಲಭದ ಮದ್ದು ನಕಲು. ಕಡತವನ್ನು ನಿಮ್ಮ ಹೊಸ ‘ಡಾಕ್ಯುಮೆಂಟ್ಸ್’ ಕೋಶಕ್ಕೆ ನಕಲಿಸಿ. ನಕಲು ನಿಮ್ಮದೇ ಆಗುತ್ತದೆ. ನೆನಪಿಡಿ: ನಕಲಿಸಬೇಕು, ಕತ್ತರಿಸಿ ಅಂಟಿಸಬಾರದು. ಒಂದೇ ಡ್ರೈವಿನೊಳಗೆ ಸಾಗಿಸಿದ ಕಡತ ತನ್ನ ಹಳೆಯ ನಿರ್ಬಂಧಗಳನ್ನೂ ಹೊತ್ತು ತರುತ್ತದೆ. ಓದಲೂ ಬಿಡದಿದ್ದರೆ ಫೌತಿ ಖಾತೆಯೇ ಆಗಬೇಕು. ಕೋಶದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅಲ್ಲಿ ‘ಸೆಕ್ಯುರಿಟಿ’, ‘ಅಡ್ವಾನ್ಸ್ಡ್’. ಮೇಲೆ ‘ಓನರ್’ ಎಂದಿರುವಲ್ಲಿ ‘ಚೇಂಜ್’ ಒತ್ತಿ ನಿಮ್ಮ ಖಾತೆಯ ಹೆಸರು ಕೊಡಿ. ಒಳಗಿನ ಕಡತಗಳಿಗೂ ಇದು ಅನ್ವಯವಾಗಲಿ ಎಂಬ ಚೌಕದಲ್ಲಿ ಗುರುತು ಹಾಕಿ ಒಪ್ಪಿಗೆ ಕೊಡಿ. ಆಮೇಲೆ ಮತ್ತೆ ಅಲ್ಲಿಗೇ ಹೋಗಿ ನಿಮ್ಮ ಹೆಸರಿಗೆ ‘ಫುಲ್ ಕಂಟ್ರೋಲ್’ ಸೇರಿಸಿ. ಇದಕ್ಕೆ ನಿಮ್ಮದು ಅಡ್ಮಿನಿಸ್ಟ್ರೇಟರ್ ಖಾತೆಯಾಗಿರಬೇಕು. ನಿಮ್ಮ ದಾಖಲೆಗಳ ಕೋಶಕ್ಕೆ ಮಾತ್ರ ಹೀಗೆ ಮಾಡಿ. ಹುರುಪಿನಲ್ಲಿ ಇಡೀ ಸಿ ಡ್ರೈವಿನ ಯಜಮಾನಿಕೆ ತೆಗೆದುಕೊಂಡರೆ ವಿಂಡೋಸ್ ತಾನೇ ಮುನಿಸಿಕೊಂಡು ಕೂರುತ್ತದೆ.

‘ರೀಡ್ ಓನ್ಲಿ’ ಎಂಬ ಗುರುತಿನ ಬಗ್ಗೆಯೂ ಒಂದು ಮಾತು. ಕಡತದ ಪ್ರಾಪರ್ಟೀಸ್‌ನಲ್ಲಿ ಆ ಗುರುತಿದ್ದರೆ ತೆಗೆಯಿರಿ, ಸರಿಹೋಗುತ್ತದೆ. ಆದರೆ ಕೋಶದ ಪ್ರಾಪರ್ಟೀಸ್‌ನಲ್ಲಿ ಅದೇ ಪೆಟ್ಟಿಗೆ ತುಂಬಿದಂತೆ ಕಾಣುತ್ತದೆ, ತೆಗೆದರೆ ಮತ್ತೆ ಬರುತ್ತದೆ. ಅದರ ಬೆನ್ನು ಹತ್ತಿ ಹೊತ್ತು ಕಳೆಯಬೇಡಿ. ಕೋಶಗಳ ಮಟ್ಟಿಗೆ ಅದಕ್ಕೆ ಬೇರೆಯೇ ಅರ್ಥವಿದೆ, ತಿದ್ದುವುದಕ್ಕೆ ಅದು ಅಡ್ಡಿಯಲ್ಲ.

ವರ್ಡ್‌ನಲ್ಲಿ ಮೇಲೆ ಹಳದಿ ಪಟ್ಟಿ ಬಂದು ‘ಪ್ರೊಟೆಕ್ಟೆಡ್ ವ್ಯೂ’ ಎಂದರೆ, ಕಡತ ಅಂತರಜಾಲದಿಂದಲೋ ಮಿಂಚಂಚೆಯಿಂದಲೋ ಬಂದದ್ದು ಎಂದಷ್ಟೇ ಅರ್ಥ. ಕಳಿಸಿದವರು ಗೊತ್ತಿದ್ದರೆ ‘ಎನೇಬಲ್ ಎಡಿಟಿಂಗ್’ ಒತ್ತಿ. ಆದರೆ ಯಾವ ಕಡತ ತೆರೆದರೂ ತಿದ್ದುವ ಗುಂಡಿಗಳೆಲ್ಲ ಮಂಕಾಗಿವೆ ಎಂದರೆ ಕಾರಣ ಬೇರೆ. ಹೊಸ ಲ್ಯಾಪ್‌ಟಾಪಿನ ಜೊತೆ ಬಂದ ಆಫೀಸ್ ತಂತ್ರಾಂಶದ ಪ್ರಾಯೋಗಿಕ ಅವಧಿ ಮುಗಿದಿದೆ. ಓದಬಹುದು, ತಿದ್ದುವಂತಿಲ್ಲ. ಇಂಥ ಹೊತ್ತಿನಲ್ಲಿ ‘ಇನ್ನೂರು ರೂಪಾಯಿ ಕೊಡಿ, ಮಾಡಿಕೊಡ್ತೀನಿ’ ಎನ್ನುವವರು ಸಿಗುತ್ತಾರೆ. ಅವರು ಹಾಕುವ ಕಳ್ಳ ಪ್ರತಿಯ ಜೊತೆ ಇನ್ನೇನು ಬಂದೀತೋ ಬಲ್ಲವರಾರು? ಲಿಬ್ರೆ ಆಫೀಸ್ ಎಂಬ ತಂತ್ರಾಂಶ ಪೂರ್ತಿ ಉಚಿತ, ಕಾನೂನುಬದ್ಧ; ವರ್ಡ್ ಕಡತಗಳನ್ನು ತೆರೆದು ತಿದ್ದುತ್ತದೆ. ಶಾಲೆ ಕಾಲೇಜಿನ ಪ್ರಬಂಧಕ್ಕೆ ಅದು ಧಾರಾಳ ಸಾಕು.

ಕಡತ ಮೋಡದ ಚಿತ್ರ ಹೊತ್ತು ಕೂತಿದೆ, ನೆಟ್‌ವರ್ಕ್ ಇಲ್ಲದಾಗ ತೆರೆಯುವುದೇ ಇಲ್ಲ ಎಂಬುದು ಹಳ್ಳಿಗಳಲ್ಲಿ ಹೆಚ್ಚು ಕೇಳುವ ದೂರು. ವಿಂಡೋಸ್ 11 ಹಾಕುವಾಗ ಕೇಳಿದ್ದಕ್ಕೆಲ್ಲ ‘ಯೆಸ್’ ಎನ್ನುತ್ತ ಹೋದರೆ ‘ಡಾಕ್ಯುಮೆಂಟ್ಸ್’ ಕೋಶವೇ ಒನ್‌ಡ್ರೈವ್‌ಗೆ, ಅಂದರೆ ಮೈಕ್ರೋಸಾಫ್ಟ್‌ನ ದೂರದ ಯಂತ್ರಗಳ ಸುಪರ್ದಿಗೆ ಹೋಗಿರುತ್ತದೆ. ಪುಕ್ಕಟೆ ಸಿಗುವ ಜಾಗ 5 ಗಿಗಾಬೈಟ್ ಮಾತ್ರ. ಮದುವೆಯ ವಿಡಿಯೋ ಒಂದಿದ್ದರೆ ತುಂಬಿತು. ಮುಖ್ಯವಾದ ಕೋಶದ ಮೇಲೆ ಬಲಗುಂಡಿ ಒತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆಯ್ದುಕೊಂಡರೆ ಪ್ರತಿ ನಿಮ್ಮ ಯಂತ್ರದಲ್ಲೂ ಉಳಿಯುತ್ತದೆ.

ಮೇಲಿನ ಯಾವ ಮದ್ದೂ ನಾಟದ ರೋಗ ಒಂದಿದೆ: ಗೂಢಲಿಪಿ. ಡ್ರೈವಿಗೆ ‘ಬಿಟ್‌ಲಾಕರ್’ ಬೀಗ ಬಿದ್ದಿದ್ದರೆ, ಬೇರೆ ಯಂತ್ರಕ್ಕೆ ಜೋಡಿಸಿದಾಗಲೋ ಹೊಸ ವಿಂಡೋಸ್ ಹಾಕಿದ ಮೇಲೋ ಅದು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿಯಿಲ್ಲದೆ ಯಾವ ಅಂಗಡಿಯವನೂ, ಸ್ವತಃ ಮೈಕ್ರೋಸಾಫ್ಟ್ ಕಂಪನಿಯೂ ಕಡತವನ್ನು ಬಿಡಿಸಿಕೊಡಲಾರದು. ಕೀಲಿ ಸಾಮಾನ್ಯವಾಗಿ ವಿಂಡೋಸ್ ಹಾಕುವಾಗ ಬಳಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ಆ ಖಾತೆಯನ್ನು ತೆರೆದುಕೊಟ್ಟವನು ಅಂಗಡಿಯ ಹುಡುಗ, ಬಳಸಿದ ಮಿಂಚಂಚೆ ವಿಳಾಸ ಯಾವುದೆಂದು ಮನೆಯವರಿಗೆ ತಿಳಿಯದು. ಯಂತ್ರವನ್ನು ಅಂಗಡಿಯಿಂದ ತರುವ ಮುನ್ನ ಆ ವಿಳಾಸವನ್ನೂ ಗುಪ್ತಪದವನ್ನೂ ಕೇಳಿ ಬರೆಸಿಕೊಳ್ಳಿ. 48 ಅಂಕಿಗಳನ್ನು ಆರಾರರ ಎಂಟು ಗುಂಪುಗಳಲ್ಲಿ ಕೊಡುತ್ತಾರೆ. ರೇಷನ್ ಕಾರ್ಡು, ಪಾಸ್‌ಬುಕ್ಕು ಇಡುವ ಡಬ್ಬಿಯಲ್ಲೇ ಆ ಚೀಟಿಗೂ ಜಾಗವಾದೀತು.